ಜಾಬ್ ಅಲ್ಲಾಡಬಾರದು



ಮನೆಗೊಂದು ಲೇಸರ್ ಕಟರ್ ತಂದುಕೊಂಡವರು ಮೊದಲು ಕಲಿಯುವ ಪಾಠ ಲೇಸರಿನದ್ದಲ್ಲ, ಪ್ಲೈವುಡ್ಡಿನದ್ದು. ಅಂಗಡಿಯಲ್ಲಿ ಅಟ್ಟಿಯ ನಡುವೆ ಚಪ್ಪಟೆಯಾಗಿ ಮಲಗಿದ್ದ 3 ಮಿಲಿಮೀಟರ್ ಹಾಳೆ ಮನೆಗೆ ಬಂದು ನಾಲ್ಕು ದಿನ ಗೋಡೆಗೆ ಒರಗಿತೆಂದರೆ ಕರಿದ ಹಪ್ಪಳದ ಹಾಗೆ ಒಂದು ಮೂಲೆಯನ್ನು ಎತ್ತಿಕೊಂಡಿರುತ್ತದೆ. ಯಂತ್ರದೊಳಗಿಟ್ಟು ಆ ಮೂಲೆಯನ್ನು ಬೆರಳಿನಿಂದ ಒತ್ತಿ, ಎದುರಿನ ಮೂಲೆ ಏಳುತ್ತದೆ. ಅದನ್ನೂ ಒತ್ತಿ, ನಡುವೆ ಉಬ್ಬುತ್ತದೆ. ಇವತ್ತು ನಾನು ಮಾತನಾಡಲು ಬಂದಿರುವುದು ಹಾಗೆ ಏಳುವ ಹಲಗೆಯನ್ನು ಕೂರಿಸುವ ಒಂದು ಸಣ್ಣ ಗೂಟದ ಬಗ್ಗೆ. ಹೆಬ್ಬೆರಳಿಗಿಂತ ದೊಡ್ಡದಲ್ಲ, ತೂಕ ಇಲ್ಲವೇ ಇಲ್ಲ ಅನ್ನಬಹುದು. ಗೂಟದ ಬಗ್ಗೆ ಇಷ್ಟು ಹೊತ್ತು ಏನು ಹೇಳುತ್ತಾನೆ ಇವನು ಎಂದು ರೇಡಿಯೋ ಆರಿಸಬೇಡಿ. ಆ ಗೂಟದ ಹಿಂದೆ ನಮ್ಮ ಉತ್ತರ ಬೆಂಗಳೂರಿನ ಅರ್ಧ ಕೈಗಾರಿಕೆಯೇ ನಿಂತಿದೆ.

ಮೊದಲು ಯಂತ್ರದ ವಿಚಾರ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಮನೆಗಳಿಗೆ ಬರುವ ಲೇಸರ್ ಕಟರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನೀಲಿ ಬೆಳಕಿನ ಡಯೋಡ್ ಲೇಸರು. ಚಿಕ್ಕದು, ಅಗ್ಗ, ಮೇಜಿನ ಮೇಲೆ ಕೂರುತ್ತದೆ. ಇನ್ನೊಂದು ಗಾಜಿನ ಕೊಳವೆಯೊಳಗೆ ಕಾರ್ಬನ್ ಡೈಆಕ್ಸೈಡ್ ಅನಿಲವಿರುವ ಲೇಸರು. ಇದರ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಈ ಎರಡನೆಯದನ್ನು 1964ರಲ್ಲಿ ಲೋಕಕ್ಕೆ ಕೊಟ್ಟವರು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿದ ಕುಮಾರ್ ಪಟೇಲ್ ಅವರು. ಕಾರ್ಖಾನೆಯಲ್ಲಿ ಉಕ್ಕು ಕೊಯ್ಯಲು, ಆಸ್ಪತ್ರೆಯಲ್ಲಿ ಚರ್ಮ ಕೊಯ್ಯಲು ಬಂದ ಆ ಲೇಸರು ಈಗ ಯಲಹಂಕ ಉಪನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನಾಮಫಲಕ ಕೊಯ್ಯುತ್ತಿದೆ. ನನ್ನದು ಆ ಜಾತಿಯಲ್ಲೇ ತೀರಾ ಚಿಕ್ಕದು. 40 ವ್ಯಾಟಿನ ಕೊಳವೆ, 300 ಮಿಲಿಮೀಟರ್ ಉದ್ದ 200 ಅಗಲದ ಜಾಗ. ಅಡುಗೆಮನೆಯ ಮಣೆಗಿಂತ ಹೆಚ್ಚಿನದೇನಲ್ಲ.

ಇಂಥ ಯಂತ್ರಕ್ಕೆ ಹಲಗೆ ಚಪ್ಪಟೆಯಾಗಿಯೇ ಇರಬೇಕೆಂಬ ಹಟ ಯಾಕೆ? ಗರಗಸಕ್ಕೆ ಆ ಹಟವಿಲ್ಲ. ಬಾಗಿದ ಮರವನ್ನೂ ಗರಗಸ ಕೊಯ್ಯುತ್ತದೆ. ಲೇಸರಿನ ಕಥೆ ಬೇರೆ. ಕಿರಣವನ್ನು ಒಂದು ಮಸೂರ ಕೂಡಿಸಿ ಚುಕ್ಕೆಯಾಗಿಸುತ್ತದೆ. ನನ್ನ ಯಂತ್ರದ ಮಸೂರದಿಂದ 50.8 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಅಂಗುಲ ಕೆಳಗೆ ಆ ಚುಕ್ಕೆ ಅತಿ ಚಿಕ್ಕದಾಗಿರುತ್ತದೆ. ಅಲ್ಲಿಂದ ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ ಹೋದರೂ ಪರವಾಗಿಲ್ಲ. ಅದಕ್ಕಿಂತ ಆಚೆ ಚುಕ್ಕೆ ಹರಡುತ್ತದೆ, ಹರಡಿದ ಬೆಳಕು ಕೊಯ್ಯುವುದಿಲ್ಲ, ಸುಡುತ್ತದೆ. ಹಲಗೆಯ ಮೂಲೆ ನಾಲ್ಕು ಮಿಲಿಮೀಟರ್ ಎದ್ದಿದ್ದರೆ ಆ ಮೂಲೆಯಲ್ಲಿ ಗೆರೆ ದಪ್ಪವಾಗಿ, ಕಪ್ಪಾಗಿ, ಅರ್ಧ ಆಳಕ್ಕೇ ನಿಲ್ಲುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಸೂರದ ಕೆಳಗಿರುವ ನಾಜಲ್ ಹಲಗೆಗಿಂತ ಕೆಲವೇ ಮಿಲಿಮೀಟರ್ ಮೇಲೆ ಓಡಾಡುತ್ತದೆ. ಎದ್ದ ಮೂಲೆಗೆ ಅದು ತಗುಲಿದರೆ ಮೋಟಾರು ಒಂದೆರಡು ಹೆಜ್ಜೆ ತಪ್ಪುತ್ತದೆ. ಹೆಜ್ಜೆ ತಪ್ಪಿದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದೆ ಎಲ್ಲ ಗೆರೆಗಳೂ ಪಕ್ಕಕ್ಕೆ ಸರಿದು ಬೀಳುತ್ತವೆ. ನಾಮಫಲಕದ ಮನೆಯ ಹೆಸರು ಚೌಕಟ್ಟಿನಿಂದ ಹೊರಗೆ ಕಾಲು ಚಾಚಿಕೊಂಡಿರುತ್ತದೆ.

ಇನ್ನು ಹಲಗೆ ಏಕೆ ಏಳುತ್ತದೆ ಎಂಬುದು. ಪ್ಲೈವುಡ್ಡು ಅಂದರೆ ಮರದ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಎಳೆಗೆ ಅಂಟಿಸಿದ್ದು. ಮರ ತೇವ ಕುಡಿದರೆ ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡವಾಗಿ ಹಿಗ್ಗುವುದು ಹೆಚ್ಚು. ಅಡ್ಡಡ್ಡ ಅಂಟಿಸಿದಾಗ ಒಂದು ಪದರ ಇನ್ನೊಂದನ್ನು ಹಿಗ್ಗಗೊಡುವುದಿಲ್ಲ. ಪದರಗಳ ಸಂಖ್ಯೆ ಬೆಸವಾಗಿರುವುದೂ ಅದಕ್ಕೇ, ಮೇಲಿನ ಮುಖಕ್ಕೆ ಕೆಳಗಿನ ಮುಖ ಜೋಡಿಯಾಗಿ ನಿಲ್ಲಲಿ ಎಂದು. ಆದರೆ ಮೂರೇ ಪದರದ ತೆಳು ಹಾಳೆಯಲ್ಲಿ ಒಂದು ಮುಖ ಕೂದಲೆಳೆ ದಪ್ಪವಿದ್ದರೂ, ಒಂದು ಮುಖಕ್ಕೆ ಮಾತ್ರ ಗೋಡೆಯ ತೇವ ತಗುಲಿದರೂ, ಆ ಜೋಡಿಯ ಲೆಕ್ಕ ತಪ್ಪಿ ಹಾಳೆ ಬಾಗುತ್ತದೆ. ಏಪ್ರಿಲ್‌ನ ಒಣ ಹವೆಯಲ್ಲಿ ಒಂದು ಕಡೆಗೆ ಬಾಗಿದ್ದು ಆಗಸ್ಟ್‌ನ ಜಿಟಿಜಿಟಿಯಲ್ಲಿ ಇನ್ನೊಂದು ಕಡೆಗೆ ಬಾಗಿದರೆ ಆಶ್ಚರ್ಯಪಡಬೇಡಿ.

ಇಲ್ಲೊಂದು ವ್ಯಾಪಾರದ ಮಾತು. ಪ್ಲೈವುಡ್ ಅಂಗಡಿಗೆ ಹೋದರೆ "ವಾಟರ್‌ಪ್ರೂಫ್ ತಗೊಳ್ಳಿ ಸಾರ್, ಲೈಫ್ ಬರತ್ತೆ" ಅನ್ನುತ್ತಾರೆ. ಅಡುಗೆಮನೆಯ ಕಪಾಟಿಗೆ ಅದು ಸರಿಯಾದ ಸಲಹೆ. ಲೇಸರಿಗೆ ಮಾತ್ರ ಅಲ್ಲ. ನೀರಿಗೆ ಜಗ್ಗದ ಆ ಹಲಗೆಯಲ್ಲಿರುವುದು ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು. ಕಂದು ಬಣ್ಣದ್ದು, ಬೆಂಕಿಗೂ ಜಗ್ಗದ್ದು. ಲೇಸರು ಮರವನ್ನು ಕೊಯ್ದು ಅಂಟಿನ ಪದರದಲ್ಲಿ ನಿಂತುಬಿಡುತ್ತದೆ. ಒಳಾಂಗಣಕ್ಕೆಂದು ಮಾರುವ ಸಾಮಾನ್ಯ ದರ್ಜೆಯ ಹಲಗೆಯ ಯೂರಿಯಾ ಅಂಟು ಸುಲಭವಾಗಿ ಕೊಯ್ಯಿಸಿಕೊಳ್ಳುತ್ತದೆ. ಒಟ್ಟಿನಲ್ಲಿ ನಮಗೆ ಬೇಕಾದದ್ದು ಅಗ್ಗದ ಹಲಗೆ, ಹೆಚ್ಚು ಬಾಗುವುದೂ ಅದೇ. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಇರಬಹುದು, ಹರಿಯಾಣದ ಯಮುನಾನಗರದಿಂದ ಬರುವ ಪಾಪ್ಲರ್ ಇರಬಹುದು, ಬಾಗುವ ವಿಷಯದಲ್ಲಿ ಭೇದವೆಣಿಸಬೇಕಾಗಿಲ್ಲ.

ಬಾಗಿದ್ದನ್ನು ಹಿಡಿದು ಕೂರಿಸಬೇಕು. ಹೊಸಬರು ಮೊದಲು ಕೈಹಾಕುವುದು ತೂಕಕ್ಕೆ. ಹಳೆಯ ತಕ್ಕಡಿಯ ಅರ್ಧ ಕೆಜಿ ಬಟ್ಟುಗಳನ್ನು ನಾಲ್ಕು ಮೂಲೆಗಿಟ್ಟರಾಯಿತು ಅಂತ. ನಾನೂ ಇಟ್ಟೆ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಪೀಣ್ಯದ ಟೂಲ್‌ರೂಮುಗಳಲ್ಲಿ ಜಿಗ್ಗು ಫಿಕ್ಸ್ಚರು, ಅಂದರೆ ಜಾಬ್ ಎಂದು ಅವರು ಕರೆಯುವ ಕೆಲಸದ ತುಂಡನ್ನು ಅಲ್ಲಾಡದಂತೆ ಹಿಡಿಯುವ ಸಾಧನಗಳನ್ನು, ಮಾಡುತ್ತಲೇ ತಲೆ ಬೆಳ್ಳಗಾದವರು. ಹೊಗೆಯ ವಾಸನೆ ಹಿಡಿದೇ ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಏನ್ ಸಾರ್, ಜಾಬ್ ಕುಣೀತಾ ಇದೆ?"

"ತೂಕ ಇಟ್ಟಿದೀನಲ್ಲ ಸಾರ್, ಎಲ್ಲಿ ಕುಣಿಯತ್ತೆ?"

ಅವರು ಮಾತಾಡಲಿಲ್ಲ. ಹಲಗೆಯ ಅಂಚಿಗೆ ಒಂದು ಬೆರಳಿಟ್ಟು ಪಕ್ಕಕ್ಕೆ ನೂಕಿದರು. ಹಲಗೆಯೂ ಬಟ್ಟುಗಳೂ ಒಟ್ಟಿಗೇ ಸರಿದವು.

"ತೂಕ ಒತ್ತತ್ತೆ ಅಷ್ಟೆ. ಪಕ್ಕಕ್ಕೆ ಹೋಗ್ಬೇಡ ಅಂತ ಅದಕ್ಕೆ ಹೇಳೋರು ಯಾರು?"

ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಅವರು ಹೇಳಿದ್ದು ಫಿಕ್ಸ್ಚರ್ ಶಾಸ್ತ್ರದ ಮೊದಲ ಸೂತ್ರ, ಮೂರು ಎರಡು ಒಂದು. ಯಾವ ವಸ್ತುವೇ ಆಗಲಿ ಅಲುಗಾಡುವುದು ಆರು ಬಗೆಯಲ್ಲಿ. ಮೂರು ದಿಕ್ಕಿಗೆ ಜಾರಬಹುದು, ಮೂರು ಅಕ್ಷದ ಸುತ್ತ ತಿರುಗಬಹುದು. ತಳಕ್ಕೆ ಮೂರು ಆಸರೆ ಕೊಟ್ಟರೆ ಅದು ಕೂರುತ್ತದೆ. ಉದ್ದನೆಯ ಬದಿಗೆ ಎರಡು ಆಸರೆ ಕೊಟ್ಟರೆ ಆ ಕಡೆಗೆ ಜಾರುವುದೂ ತಿರುಗುವುದೂ ನಿಂತಿತು. ಅಡ್ಡ ಬದಿಗೆ ಒಂದು ಕೊಟ್ಟರೆ ಉಳಿದ ಜಾರುವಿಕೆಯೂ ನಿಂತಿತು. ಮೂರು, ಎರಡು, ಒಂದು, ಒಟ್ಟು ಆರು. ಈ ಆರೂ ಆದ ಮೇಲೆ ಆ ಆಸರೆಗಳ ಕಡೆಗೆ ಒತ್ತಲು ಕ್ಲಾಂಪು. ಆಸರೆ ಇಲ್ಲದೆ ಬರಿ ಕ್ಲಾಂಪು ಹಾಕುವವರನ್ನು ಅವರು ಏನೆಂದು ಕರೆದರೋ ಅದನ್ನು ಆಕಾಶವಾಣಿಯಲ್ಲಿ ಹೇಳುವಂತಿಲ್ಲ.

ಈ ವಿದ್ಯೆ ನಮ್ಮ ಕಡೆಗೆ ಹೊಸದಲ್ಲ. ಗೂಟದ ಹಿಂದೆ ಅರ್ಧ ಕೈಗಾರಿಕೆಯೇ ನಿಂತಿದೆ ಎಂದೆನಲ್ಲ, ಅದಕ್ಕೆ ಒಂದಿಷ್ಟು ಇಸವಿಗಳು. ಜಾಲಹಳ್ಳಿಯಲ್ಲಿ ಹೆಚ್‌ಎಂಟಿ ಶುರುವಾದದ್ದು 1953ರಲ್ಲಿ, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ಜನ ಹೆಚ್‌ಎಂಟಿ ಅಂದರೆ ಗಡಿಯಾರ ಅನ್ನುತ್ತಾರೆ, ಆದರೆ ಅಲ್ಲಿ ಮೊದಲು ಆದದ್ದು ಲೇತು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ ಬಂತು. ಈಗ ಸಿಎಂಟಿಐ ಎಂದೇ ಪರಿಚಿತ. ಆ ಸಂಸ್ಥೆ ಸಿದ್ಧಪಡಿಸಿದ ಮೆಷಿನ್ ಟೂಲ್ ಡಿಸೈನ್ ಹ್ಯಾಂಡ್‌ಬುಕ್ 1982ರಲ್ಲಿ ಅಚ್ಚಾಯಿತು. ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆ ದಪ್ಪ ಪುಸ್ತಕ ಕಾಣದ ಗ್ರಂಥಾಲಯ ಅಪರೂಪ. 1972ರಲ್ಲಿ ರಾಜಾಜಿನಗರದಲ್ಲಿ ಡೆನ್ಮಾರ್ಕ್ ಸಹಾಯದಿಂದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ ತೆರೆಯಿತು. ಅದೇ ಎಪ್ಪತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಎದ್ದಿತು. ಒಂದು ಶೆಡ್ಡಿನಲ್ಲಿ ಒಂದು ಲೇತು, ಒಂದು ಮಿಲ್ಲಿಂಗ್ ಮೆಷಿನ್ನು, ನಾಲ್ಕು ಜನ. ಅಲ್ಲಿ ಯಂತ್ರವನ್ನು ಯಾರು ಬೇಕಾದರೂ ಸಾಲ ಮಾಡಿ ಕೊಳ್ಳಬಹುದಿತ್ತು. ನೂರು ಜಾಬನ್ನೂ ಒಂದೇ ಜಾಗದಲ್ಲಿ ಒಂದೇ ಹದಕ್ಕೆ ಹಿಡಿಯುವ ಫಿಕ್ಸ್ಚರು ಯಾರಿಗೆ ಬರುತ್ತದೋ ಅವರ ಶೆಡ್ಡಿಗೆ ಆರ್ಡರು ಬರುತ್ತಿತ್ತು.

ಇನ್ನೊಂದು ತಮಾಷೆ. ಹಿಡಿಯುವುದನ್ನು ಬಲ್ಲ ಸಿಎಂಟಿಐ ಇರುವ ಅದೇ ತುಮಕೂರು ರಸ್ತೆಯಲ್ಲೇ, ಯಶವಂತಪುರದ ಆಚೆಗೆ, ಪ್ಲೈವುಡ್ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯೂ ಬೆಳೆಯಿತು. ಅದರ ಮೂಲವೂ 1962ರದ್ದೇ. ಬಾಗುವ ಹಲಗೆಯ ಪಂಡಿತರು ಒಂದು ಕಾಂಪೌಂಡಿನಲ್ಲಿ, ಹಿಡಿದು ಕೂರಿಸುವ ಪಂಡಿತರು ಇನ್ನೊಂದು ಕಾಂಪೌಂಡಿನಲ್ಲಿ. ಇಷ್ಟೆಲ್ಲ ಇರುವ ಊರಿನಲ್ಲಿ ನಾವು ಗೂಟವನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುವುದು ನನಗಂತೂ ಸರಿಕಾಣಲಿಲ್ಲ. ಅದೂ ಅಲ್ಲದೆ, ಗೂಟವನ್ನು ಕೊಯ್ಯಬಲ್ಲ ಯಂತ್ರ ಎದುರಿಗೇ ಇದೆ!

ಈಗ ಗೂಟಕ್ಕೆ ಬರೋಣ. ರೇಡಿಯೋದಲ್ಲಿ ಚಿತ್ರ ತೋರಿಸುವಂತಿಲ್ಲ, ಆದ್ದರಿಂದ ಕೇಳುತ್ತ ಮನಸ್ಸಿನಲ್ಲೇ ಬರೆದುಕೊಳ್ಳಿ. ಲೇಸರ್ ಯಂತ್ರದಲ್ಲಿ ಹಲಗೆ ಕೂರುವುದು ಹನಿಕೋಂಬ್ ಎಂಬ ಜಾಲರಿಯ ಮೇಲೆ. ಜೇನುಹುಟ್ಟಿನ ಕಣ್ಣುಗಳ ಹಾಗೆಯೇ ಅಲ್ಯುಮಿನಿಯಂ ಪಟ್ಟಿಯ ತೆಳು ಗೋಡೆಗಳ ಕಣ್ಣುಗಳು. ನನ್ನ ಜಾಲರಿಯ ಎತ್ತರ 22 ಮಿಲಿಮೀಟರ್. ಹೊಗೆ ಕೆಳಗೆ ಹೋಗಲಿ, ಕೊಯ್ದ ಹಲಗೆಯ ಬೆನ್ನು ಸುಡದಿರಲಿ ಎಂದು ಈ ಏರ್ಪಾಡು. ಗೂಟ ಅಂದರೆ ಇಂಗ್ಲಿಷಿನ ಎಲ್ ಅಕ್ಷರವನ್ನು ತಲೆಕೆಳಗು ಮಾಡಿದ ಆಕಾರ. ಉದ್ದನೆಯ ಕಾಲು ಜಾಲರಿಯ ಕಣ್ಣಿನೊಳಗೆ ಇಳಿಯುತ್ತದೆ, ಅಡ್ಡ ಚಾಚಿದ ಮೂಗು ಹಲಗೆಯ ಅಂಚಿನ ಮೇಲೆ ಕೂತು ಒತ್ತುತ್ತದೆ. ಇದನ್ನು 3 ಮಿಲಿಮೀಟರ್ ಅಕ್ರಿಲಿಕ್ಕಿನಿಂದಲೋ ಪ್ಲೈವುಡ್ಡಿನಿಂದಲೋ ಕೊಯ್ದುಕೊಳ್ಳಬಹುದು. ಕಾಲಿನಲ್ಲಿ ಮೆಟ್ಟಿಲು ಗಿಟ್ಟಿಲು ಏನೂ ಬೇಡ. ನೇರ ಕಾಲಾದರೆ ಬೇಕಾದಷ್ಟು ಇಳಿಸಬಹುದು, ಹಾಗಾಗಿ 2 ಮಿಲಿಮೀಟರಿನ ಹಾಳೆಗೂ 5 ಮಿಲಿಮೀಟರಿನ ಹಲಗೆಗೂ ಒಂದೇ ಗೂಟ ಸಾಕು.

ಕಾಲು ಎಷ್ಟು ಅಗಲ ಇರಬೇಕು? ಇಲ್ಲೇ ಕಲಿಕೆ ಶುರುವಾಗುವುದು. ಜಾಲರಿಯ ಕಣ್ಣುಗಳು ಕಾಗದದ ಮೇಲೆ ಸಮ ಷಟ್ಕೋನ. ನಿಜದಲ್ಲಿ ಅವನ್ನು ಎಳೆದು ಹಿಗ್ಗಿಸಿ ಮಾಡಿರುತ್ತಾರೆ. ಒಂದು ದಿಕ್ಕಿಗೆ ಅಗಲ, ಇನ್ನೊಂದು ದಿಕ್ಕಿಗೆ ಕಿರಿದು, ಚೌಕಟ್ಟಿನ ಹತ್ತಿರ ನಜ್ಜುಗುಜ್ಜು. ಎಸ್.ಪಿ. ರಸ್ತೆಯಲ್ಲಿ ಸಿಗುವ ಡಿಜಿಟಲ್ ವರ್ನಿಯರ್ ಒಂದನ್ನು ಇಟ್ಟುಕೊಂಡು ನಡುವೆ, ಮೂಲೆಗಳಲ್ಲಿ, ಹೀಗೆ ಹಲವು ಕಣ್ಣು ಅಳೆಯಬೇಕು. ಅಳೆದ ಮೇಲೂ ಆ ಸಂಖ್ಯೆಯನ್ನು ನೇರವಾಗಿ ಬರೆದರೆ ಸರಿಹೋಗುವುದಿಲ್ಲ, ಏಕೆಂದರೆ ಲೇಸರಿನ ಗೆರೆಗೂ ಒಂದು ಅಗಲವಿದೆ. ಒಂದೂವರೆ ದಶಾಂಶ, ಅಂದರೆ 0.15 ಮಿಲಿಮೀಟರ್ ಅಂದುಕೊಳ್ಳಿ. ಕೊಯ್ಯುವಾಗ ಅಷ್ಟು ಸಾಮಗ್ರಿ ಹೊಗೆಯಾಗಿ ಹೋಗುತ್ತದೆ. 8 ಮಿಲಿಮೀಟರ್ ಎಂದು ಬರೆದ ಕಾಲಿಗೆ ಎರಡು ಬದಿಯಿಂದ ಅರ್ಧರ್ಧ ಹೋಗಿ ಕೈಗೆ ಸಿಗುವುದು 7.85. ರಂಧ್ರ ಕೊಯ್ದರೆ ಉಲ್ಟಾ, 8 ಎಂದು ಬರೆದದ್ದು 8.15 ಆಗುತ್ತದೆ.

ಇದಕ್ಕೆ ಲೆಕ್ಕ ಹಾಕುತ್ತ ಕೂರುವುದಕ್ಕಿಂತ ಒಂದು ಅಳತೆಚಕ್ರ ಕೊಯ್ದುಕೊಳ್ಳುವುದು ಸಲೀಸು. ಒಂದು ಬಿಲ್ಲೆ, ಅದರ ಸುತ್ತ ಎಂಟು ಕಾಲು. ಮೊದಲನೆಯದು 7.0 ಮಿಲಿಮೀಟರ್ ಅಗಲ, ಮುಂದಿನದು 7.2, ಹೀಗೆ 8.4ರವರೆಗೆ. ಪ್ರತಿ ಕಾಲಿನ ಬುಡದಲ್ಲಿ ಅದರ ಅಗಲವನ್ನು ಲೇಸರಿನಿಂದಲೇ ಕೆತ್ತಿ. ಸಾಲಾಗಿ ಬಾಚಣಿಗೆಯ ಹಲ್ಲಿನಂತೆ ಮಾಡಿದರೆ ಒಂದು ಹಲ್ಲು ಕಣ್ಣಿಗಿಳಿಯುವಾಗ ಪಕ್ಕದ ಹಲ್ಲು ಗೋಡೆಗೆ ಅಡ್ಡ ಬರುತ್ತದೆ. ಸುತ್ತಲೂ ಇದ್ದರೆ ಒಂದು ಸಲಕ್ಕೆ ಒಂದೇ ಇಳಿಯುತ್ತದೆ. ಯಾವ ಕಾಲು ಬಿಗಿಯಾಗಿ, ಆದರೆ ಗೋಡೆ ಬಗ್ಗಿಸದೆ ಇಳಿಯಿತೋ ಅದೇ ನಿಮ್ಮ ಅಗಲ. ಗೆರೆಯ ಅಗಲ, ಹಾಳೆಯ ಸ್ವಭಾವ, ಜಾಲರಿಯ ಸೊಟ್ಟ, ಎಲ್ಲವೂ ಆ ಒಂದು ಅಂಕಿಯೊಳಗೆ ಬಂದುಬಿಟ್ಟಿರುತ್ತವೆ.

ಅಗಲ ಗೊತ್ತಾಯಿತು, ಉದ್ದ? ಯಾರನ್ನು ಕೇಳಿದರೂ ಕಾಲು ಉದ್ದ ಇದ್ದಷ್ಟೂ ಬಿಗಿ ಅನ್ನುತ್ತಾರೆ, ನೆಲಕ್ಕೆ ಹೂಳುವ ಕಂಬದ ಲೆಕ್ಕದಲ್ಲಿ. ನಾನು ಕೊಯ್ದಿದ್ದ 18 ಮಿಲಿಮೀಟರ್ ಕಾಲಿನ ಗೂಟವನ್ನು ಆ ಹಿರಿಯರು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಕಾಲು ಗಿಡ್ಡ ಮಾಡಿ ಸಾರ್. ಮೂಗು ಉದ್ದ ಮಾಡಿ."

ಕಾರಣ ಕೇಳಿದೆ. ಒಂದು ಸ್ಕೇಲನ್ನು ಎರಡು ಬೆರಳ ನಡುವೆ ನಿಲ್ಲಿಸಿ ತೋರಿಸಿದರು. ಬಾಗಿದ ಹಲಗೆ ಗೂಟದ ಮೂಗನ್ನು ಮೇಲಕ್ಕೆ ನೂಕುತ್ತದೆ. ಮೂಗು ಕಾಲಿನ ನೇರಕ್ಕಿಲ್ಲ, ಪಕ್ಕಕ್ಕಿದೆ. ಹಾಗಾಗಿ ಗೂಟ ನೇರವಾಗಿ ಮೇಲೇಳುವ ಬದಲು ಮೊದಲು ವಾಲುತ್ತದೆ. ವಾಲಿದಾಗ ಕಾಲಿನ ಮೇಲ್ಭಾಗ ಹಲಗೆಯಿಂದ ಆಚೆಯ ಗೋಡೆಗೂ ಕೆಳತುದಿ ಹಲಗೆಯ ಕಡೆಯ ಗೋಡೆಗೂ ಒತ್ತಿಕೊಳ್ಳುತ್ತವೆ. ಗೂಟವನ್ನು ಹಿಡಿದಿಡುವುದು ಆ ಎರಡು ಒತ್ತುಗಳ ಘರ್ಷಣೆ. ಕಾಲಿನ ನಡುವಿನಿಂದ ಮೂಗಿನ ತುದಿಗೆ 10 ಮಿಲಿಮೀಟರ್ ಇದ್ದು, ಕಣ್ಣಿನೊಳಗಿನ ಕಾಲು 18 ಮಿಲಿಮೀಟರ್ ಇದ್ದರೆ ಪ್ರತಿ ಗೋಡೆಗೆ ಬೀಳುವ ಒತ್ತು ಹಲಗೆಯ ನೂಕಿನ ಅರ್ಧಕ್ಕಿಂತ ಕೊಂಚ ಹೆಚ್ಚು ಅಷ್ಟೆ. ಅದೇ ಕಾಲು 8 ಮಿಲಿಮೀಟರ್ ಆದರೆ ಒತ್ತು ನೂಕಿನ ಒಂದೂಕಾಲು ಪಟ್ಟು. ಹಲಗೆ ಹೆಚ್ಚು ನೂಕಿದಷ್ಟೂ ಗೂಟ ಹೆಚ್ಚು ಕಚ್ಚುತ್ತದೆ. ಯುರೋಪಿನ ಬಡಗಿಗಳು ಬೆಂಚಿನ ತೂತಿಗೆ ಬಡಿದು ಮರವನ್ನು ಹಿಡಿಸುವ ಕಬ್ಬಿಣದ ಕೊಕ್ಕೆಯ ಗುಟ್ಟೂ ಇದೇ. ಬೆಂಚು ತೀರಾ ದಪ್ಪವಾದರೆ ಆ ಕೊಕ್ಕೆ ಹಿಡಿಯುವುದಿಲ್ಲ, ಆಗ ಅವರು ತೂತನ್ನು ಕೆಳಗಿನಿಂದ ಅಗಲ ಮಾಡಿಕೊಳ್ಳುತ್ತಾರೆ. ನಮ್ಮ ಬಡಗಿಗಳಿಗೆ ಆ ಕೊಕ್ಕೆಯೇ ಬೇಕಾಗಿರಲಿಲ್ಲ. ನೆಲದ ಮೇಲೆ ಕೂತು, ಕಾಲಿನ ಹೆಬ್ಬೆರಳಲ್ಲಿ ಮರವನ್ನು ಅದುಮಿಟ್ಟುಕೊಂಡು ಉಳಿ ಆಡಿಸಿದರು. ಲೇಸರಿನ ಪೆಟ್ಟಿಗೆಯೊಳಗೆ ಕಾಲಿಡುವಂತಿಲ್ಲ, ಅಷ್ಟೇ ತೊಂದರೆ.

ಹಾಗಂತ ಮೂಗನ್ನು ಮೊಳದುದ್ದ ಮಾಡಲಾಗದು. ಅಕ್ರಿಲಿಕ್ ಗಟ್ಟಿ, ಆದರೆ ಪೆಡಸು. ಮೂಗು ಕಾಲಿಗೆ ಸೇರುವ ಒಳಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಅಲ್ಲಿ ಒಂದು ಮಿಲಿಮೀಟರಿನ ಗುಂಡು ಕೊಡಬೇಕು. ಮೂಗಿನ ತಳವನ್ನು ತುದಿಯ ಕಡೆಗೆ ತುಸು ಇಳಿಜಾರು ಮಾಡಿದರೆ ತುದಿಯೇ ಮೊದಲು ಹಲಗೆಗೆ ತಾಗುತ್ತದೆ, ಬಿಗಿತ ಹೆಚ್ಚು. ಮೂಗಿನ ಎತ್ತರ ಮಾತ್ರ ಕಡಿಮೆ ಇರಲಿ, ನಾಜಲ್ ಮೇಲಿನಿಂದ ಹಾದುಹೋಗಬೇಕಲ್ಲ. ಇನ್ನು, ಕೊಯ್ದ ಅಕ್ರಿಲಿಕ್ಕಿನ ಅಂಚಿಗೆ ಸ್ಪಿರಿಟ್ಟೋ ಸ್ಯಾನಿಟೈಸರೋ ಹಾಕಿ ಒರೆಸಲು ಹೋಗಬೇಡಿ. ಲೇಸರಿನ ಶಾಖದಿಂದ ಅಂಚಿನಲ್ಲಿ ಬಿಗುವು ಉಳಿದಿರುತ್ತದೆ, ಮದ್ಯಸಾರ ತಾಗಿದರೆ ನೋಡನೋಡುತ್ತಿದ್ದಂತೆ ಕೂದಲು ಬಿರುಕುಗಳು ಮೂಡುತ್ತವೆ. ಸೋಪಿನ ನೀರು ಸಾಕು.

ಗೂಟಕ್ಕೆ ಲೋಹವೇ ಆಗಬಹುದಲ್ಲ, ಸ್ಟೀಲ್ ಕ್ಲಾಂಪು ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ ಎಂಬುದೇ ನನ್ನ ಅಭಿಪ್ರಾಯ. ಲೆಕ್ಕ ತಪ್ಪಿ ನಾಜಲ್ ಗೂಟಕ್ಕೆ ಹೊಡೆದರೆ ಮುರಿಯಬೇಕಾದದ್ದು ಗೂಟ, ನಾಜಲ್ ಅಲ್ಲ. ಕಿರಣವೇ ಅದರ ಮೇಲೆ ಹಾದರೆ ಮರದ ಗೂಟ ಸುಮ್ಮನೆ ಕೊಯ್ಯಿಸಿಕೊಳ್ಳುತ್ತದೆ. ಹೊಳೆಯುವ ಲೋಹ ಕಿರಣವನ್ನು ಎಲ್ಲಿಗೋ ತಿರುಗಿಸಿ ಎಸೆಯುತ್ತದೆ, ಮುಚ್ಚಳವಿಲ್ಲದ ಡಯೋಡ್ ಯಂತ್ರವಾದರೆ ಕಣ್ಣಿನ ಗತಿ ಯೋಚಿಸಿ. ಅಯಸ್ಕಾಂತಗಳನ್ನು ಬಳಸುವವರಿದ್ದಾರೆ. ಅಲ್ಯುಮಿನಿಯಂ ಜಾಲರಿಗೆ ಅವು ಅಂಟುವುದಿಲ್ಲ, ಕಬ್ಬಿಣದ್ದಾದರೆ ಸರಿ. ಸಾಮಾನ್ಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ ಎಂಬುದೂ ನೆನಪಿರಲಿ. ಗೂಟಕ್ಕೆ ಕೆಂಪು ಅಥವಾ ಕಿತ್ತಳೆ ಬಣ್ಣದ ಅಕ್ರಿಲಿಕ್ ಆರಿಸಿಕೊಂಡರೆ ಎರಡು ಲಾಭ: ಜಾಲರಿಯಲ್ಲಿ ಕಣ್ಣಿಗೆ ಬೀಳುತ್ತದೆ, ಡಯೋಡ್ ಯಂತ್ರದವರೂ ಕೊಯ್ಯಬಹುದು. ಪಾರದರ್ಶಕ ಅಕ್ರಿಲಿಕ್ಕಿನೊಳಗೆ ನೀಲಿ ಬೆಳಕು ಸುಮ್ಮನೆ ಹಾದುಹೋಗುತ್ತದೆ, ಏನನ್ನೂ ಕೊಯ್ಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ದನಿ ಏರಿಸುತ್ತೇನೆ. ಪಿವಿಸಿಯನ್ನು ಕೊಯ್ಯಬೇಡಿ. ಬೋರ್ಡು ಬರೆಯುವವರ ಹತ್ತಿರ ಸಿಗುವ ಫೋಮ್ ಬೋರ್ಡು ಹಗುರ, ಅಗ್ಗ, ಬಿಳಿ, ಗೂಟಕ್ಕೆ ಹೇಳಿಮಾಡಿಸಿದ ಹಾಗೆ ಕಾಣುತ್ತದೆ. ಬಹುಪಾಲು ಅದು ಪಿವಿಸಿ. ಫ್ಲೆಕ್ಸ್ ಬ್ಯಾನರು, ರೆಕ್ಸಿನ್ ಇವುಗಳಲ್ಲೂ ಅದೇ. ಲೇಸರಿನ ಕಾವಿಗೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಹೊರಬಂದು, ಗಾಳಿಯ ತೇವದೊಂದಿಗೆ ಆಮ್ಲವಾಗುತ್ತದೆ. ಯಂತ್ರದ ಕಂಬಿಗಳಿಗೆ ತುಕ್ಕು ಹಿಡಿಯುವುದು ಹಾಗಿರಲಿ, ಮೊದಲು ಕೆಡುವುದು ನಿಮ್ಮ ಪುಪ್ಪುಸ. ಹಾಗೆಯೇ, ಕೊಯ್ಯುತ್ತಿರುವ ಯಂತ್ರವನ್ನು ಬಿಟ್ಟು ಕಾಫಿಗೆ ಇಳಿಯುವುದು ಬೇಡ. ಅಕ್ರಿಲಿಕ್ಕೂ ಪ್ಲೈವುಡ್ಡೂ ಎರಡೂ ಹೊತ್ತಿಕೊಳ್ಳುವಂಥವು.

ಗೂಟಗಳು ಕೈಗೆ ಬಂದ ಮೇಲೆ ಹೊಸಬರಿಗೆ ಇನ್ನೊಂದು ಹೊಳೆಯುತ್ತದೆ. ಅದೇ ಗೂಟದ ಮೂಗನ್ನು ಕತ್ತರಿಸಿ ಹಾಕಿದರೆ ಉಳಿಯುವುದು ಬರೀ ಮೊಳೆ. ಅದನ್ನು ಹಲಗೆಯ ಉದ್ದದ ಬದಿಗೆ ಎರಡು, ಅಡ್ಡ ಬದಿಗೆ ಒಂದು ನೆಟ್ಟರೆ ಮೂರು ಎರಡು ಒಂದು ಸೂತ್ರದ ಎರಡೂ ಒಂದೂ ಆದವು. ಮೂರು ಎಂಬುದನ್ನು ಜಾಲರಿಯೇ ಕೊಟ್ಟಿದೆ. ಗೃಹಪ್ರವೇಶಕ್ಕೆ ಹಂಚಲು ಒಂದೇ ಬಗೆಯ ಬಹಳಷ್ಟು ಕೀಚೈನ್ ಕೆತ್ತಬೇಕಾಗಿ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಒಂದನ್ನು ತೆಗೆದು ಇನ್ನೊಂದನ್ನು ಅದೇ ಮೊಳೆಗಳಿಗೆ ತಾಗಿಸಿ ಇಟ್ಟರೆ ಸಾಕು, ಮತ್ತೆ ಅಳೆಯುವ ಗೋಜಿಲ್ಲ. ಹಿರಿಯರು ಅದನ್ನು ನೋಡಿ ಹೊಗಳಲಿಲ್ಲ. "ಮೊಳೆ ಮಧ್ಯ ಇನ್ನೂ ದೂರ ಇರ್ಲಿ" ಅಂದರು. ಅದೂ ಸರಿಯೇ. ಬದಿಯ ಎರಡು ಮೊಳೆಗಳು ಹತ್ತಿರ ಹತ್ತಿರ ಇದ್ದರೆ, ಒಂದು ಮೊಳೆಯಲ್ಲಿ ಕೂದಲಿನಷ್ಟು ಸೊಟ್ಟ ಬಂದರೂ ಹಲಗೆಯ ಆಚೆಯ ತುದಿಯಲ್ಲಿ ಅದು ಹಲವು ಪಟ್ಟಾಗಿ ಕಾಣುತ್ತದೆ.

ಗೂಟಕ್ಕೆ ಬಗ್ಗದ ಸಾಮಗ್ರಿಗಳೂ ಇವೆ. ಕಾಗದ, ತೆಳು ಚರ್ಮ, ಬಟ್ಟೆ ಇವಕ್ಕೆ ಅಂಚಿನಲ್ಲಿ ಒತ್ತಿದರೆ ನಡುವೆ ಸುಕ್ಕು ಏಳುತ್ತದೆ. ಇವಕ್ಕೆ ಹಿಡಿತ ಕೊಡುವುದು ಗಾಳಿ. ಹೊಗೆ ಎಳೆಯುವ ಫ್ಯಾನು ಜಾಲರಿಯ ಕೆಳಗಿನಿಂದ ಎಳೆಯುವಂತೆ ಕೊಳವೆ ಜೋಡಿಸಿದರೆ, ಮೇಲಿನ ಹಾಳೆ ಜಾಲರಿಗೆ ತಾನೇ ಅಂಟಿಕೊಳ್ಳುತ್ತದೆ. ಹಾಳೆ ಮುಚ್ಚದೆ ಬಿಟ್ಟ ಜಾಗವನ್ನು ಹಳೆಯ ಎಂಡಿಎಫ್ ತುಂಡುಗಳಿಂದ ಮುಚ್ಚಬೇಕು, ಇಲ್ಲದಿದ್ದರೆ ಫ್ಯಾನು ಎಳೆಯುವುದು ಬರೀ ಕೋಣೆಯ ಗಾಳಿಯನ್ನು. ಹಾಗಂತ ಅಂಚಿನಿಂದ ಅಂಚಿಗೆ ಪೂರ್ತಿ ಮುಚ್ಚಿದರೂ ಹೊಗೆ ಹೊರಹೋಗಲು ದಾರಿಯಿರುವುದಿಲ್ಲ. ನಾನು ಎರಡು ಬೆರಳಗಲದ ಸಂದು ಬಿಡುತ್ತೇನೆ, ಅದೂ ನಾಜಲಿನ ಓಡಾಟದಿಂದ ದೂರದ ಬದಿಯಲ್ಲಿ. ಬಟ್ಟೆಯ ಹೂವು ಕೊಯ್ಯುವವರು ಅಲ್ಲಿಂದ ಶುರುಮಾಡಿ, ನಿಮ್ಮ ಫ್ಯಾನಿನ ಬಲ ನೋಡಿಕೊಂಡು ಸಂದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಿ.